ರಟ್ಟು ಹಾಕಿದ ಅರ್ಜಿ

ಮೈದಾಹಿಟ್ಟಿನ ಅಂಟು ಕುದಿಯುವಾಗ ಒಂದು ಹಸಿ ವಾಸನೆ ಬರುತ್ತದೆ. ಹುಳು ಹಿಡಿಯದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಬೆರೆಸಿದರೆ ಒಂದು ಬಗೆಯ ಒಗರೂ ಸೇರಿಕೊಳ್ಳುತ್ತದೆ. ಮನೆಯ ಮುಂದಿನ ಕೋಣೆಯೇ ಅಪ್ಪನ ಬೈಂಡಿಂಗ್ ಅಂಗಡಿಯಾಗಿದ್ದರಿಂದ ನನ್ನ ಬಾಲ್ಯವೆಲ್ಲ ಆ ವಾಸನೆಯಲ್ಲೇ ಕಳೆಯಿತು. ಅದು ನನ್ನ ಜಡೆಗೆ ಅಂಟಿಕೊಂಡು ಶಾಲೆಗೂ ಬರುತ್ತಿತ್ತು. ಪಕ್ಕದಲ್ಲಿ ಕೂರುತ್ತಿದ್ದವಳು ಒಮ್ಮೆ ಮೂಗು ಮುಚ್ಚಿಕೊಂಡು, "ನಿಮ್ಮನೆಯವರು ಗೋಡೆಗೆ ಪೋಸ್ಟರ್ ಅಂಟಿಸ್ತಾರೇನೆ?" ಎಂದು ಕೇಳಿದ್ದಳು. ಅಂದಿನಿಂದ ಅಪ್ಪನ ಕೆಲಸದ ಬಗ್ಗೆ ನಾನು ಯಾರ ಹತ್ತಿರವೂ ಬಾಯಿ ಬಿಡುತ್ತಿರಲಿಲ್ಲ.

ಹದಿನೇಳನೆಯ ವಯಸ್ಸಿಗೆ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದೆ. ಮೊದಲ ವರ್ಷಕ್ಕೆ ಎಂಬತ್ತು ಸೀಟು, ಅರ್ಜಿಗಳು ಸಾವಿರಾರು. ಅರ್ಜಿ ಎಂದರೆ ಒಂದು ಹಾಳೆಯಲ್ಲ. ಫಾರಂ, ಅಂಕಪಟ್ಟಿಗಳು, ಇಬ್ಬರು ಮೇಷ್ಟ್ರ ಪತ್ರ, ಜೊತೆಗೆ ನಾನೇ ಬರೆದ ಆರು ಪುಟದ ಪ್ರಬಂಧ. ಕೊನೆಯ ದಿನದ ಹಿಂದಿನ ಮಧ್ಯಾಹ್ನ ಎಲ್ಲವನ್ನೂ ಅಪ್ಪನ ಕೈಗೆ ಕೊಟ್ಟು, "ಒಂದು ಹಾಳೆನೂ ಉದುರಬಾರದು, ಏನಾದ್ರೂ ಮಾಡಪ್ಪಾ," ಎಂದು ಹೇಳಿ ಗೆಳತಿಯ ಮನೆಗೆ ಹೋದೆ. ಫಾರಂ ಜೊತೆ ಕೊಟ್ಟಿದ್ದ ಸೂಚನೆಯ ಚೀಟಿ ನನ್ನ ಚೀಲದಲ್ಲೇ ಉಳಿಯಿತು. ಅದನ್ನು ನಾನೂ ಪೂರ್ತಿ ಓದಿರಲಿಲ್ಲ.

ಬೆಳಿಗ್ಗೆ ನೋಡಿದರೆ ಅರ್ಜಿ ಪುಸ್ತಕವಾಗಿತ್ತು. ಕಡುನೀಲಿ ಬಟ್ಟೆಯ ಗಟ್ಟಿ ರಟ್ಟು, ಅದರ ಮೇಲೆ ಚಿನ್ನದ ಅಕ್ಷರದಲ್ಲಿ ನನ್ನ ಹೆಸರು. ವಕೀಲರ ಪುಸ್ತಕಗಳಿಗೆಂದು ಎತ್ತಿಟ್ಟಿದ್ದ ಬಟ್ಟೆ ಅದು.

"ಎಷ್ಟು ಎಳೆದ್ರೂ ಜಗ್ಗಲ್ಲ, ನೋಡು ಪುಟ್ಟಿ," ಎಂದರು ಅಪ್ಪ. "ಪ್ರೊಫೆಸರು ಮೊದಲು ನಿಂದನ್ನೇ ಕೈಗೆತ್ಕೊಳ್ತಾರೆ."

"ಸೀಟು ಸಿಗದಿದ್ರೂ ಕಪಾಟಲ್ಲಿ ಇಟ್ಕೋಬಹುದು ಬಿಡು," ಎಂದು ಅಮ್ಮ ನಕ್ಕರು.

ನನಗೂ ಆಗ ಹೆಮ್ಮೆಯೇ ಆಗಿತ್ತು. ಅದನ್ನೂ ಹೇಳಬೇಕು.

ಆ ಹೆಮ್ಮೆ ಕಚೇರಿಯ ಸಾಲಿನಲ್ಲಿ ನಿಲ್ಲುವವರೆಗೆ ಮಾತ್ರ ಇತ್ತು. ಎಲ್ಲರ ಕೈಯಲ್ಲೂ ಬಿಡಿ ಹಾಳೆಗಳು, ಮೂಲೆಗೊಂದು ದಾರ. ನನ್ನ ಹಿಂದೆ ನಿಂತಿದ್ದ ಎತ್ತರದ ಹುಡುಗಿ ಬಗ್ಗಿ ನೋಡಿ, "ಅರ್ಜಿ ಕೊಡೋಕೆ ಬಂದ್ಯಾ, ಇಲ್ಲಾ ಲೈಬ್ರರಿ ಪುಸ್ತಕ ವಾಪಸ್ ಮಾಡೋಕಾ?" ಎಂದಳು. ಅವಳ ಗೆಳತಿಯರು ನಕ್ಕರು. ನನ್ನ ಜೊತೆಗೆ ಬಂದಿದ್ದ ಅಪ್ಪ ಪಕ್ಕದ ಗೋಡೆಗೆ ಒರಗಿ ನಿಂತಿದ್ದರು. ಹುಡುಗಿಯರು ಮಾತಾಡಿಕೊಳ್ಳುತ್ತಿದ್ದಾರೆಂದು ಅವರೂ ಮುಗುಳ್ನಕ್ಕರು.

ಕಿಟಕಿಯ ಹಿಂದೆ ದಪ್ಪ ಕನ್ನಡಕದ ಗುಮಾಸ್ತೆ. ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಬಿಡಿ ಹಾಳೆ ಅಂತ ಚೀಟೀಲಿ ಇತ್ತಲ್ಲಮ್ಮಾ. ಅಂಕಪಟ್ಟಿ ಒಂದು ಟೇಬಲ್ಲಿಗೆ ಹೋಗ್ಬೇಕು, ಪ್ರಬಂಧ ಇನ್ನೊಂದಕ್ಕೆ. ಇದನ್ನೇನು ಗರಗಸ ಹಾಕಿ ಕೊಯ್ಲಾ? ಯಾರು ಹೀಗೆ ಮಾಡಿದ್ದು?"

ಸಾಲಿಗೆ ಸಾಲೇ ನನ್ನತ್ತ ನೋಡುತ್ತಿತ್ತು.

"ಅಂಗಡಿಯವನು," ಎಂದೆ. "ನಾನು ಹೇಳಿದ್ದೇ ಒಂದು, ಅವನು ಮಾಡಿದ್ದೇ ಒಂದು. ಅಷ್ಟೂ ಗೊತ್ತಾಗಲ್ಲ ಅವನಿಗೆ."

ಅಪ್ಪ ಮೂರು ಹೆಜ್ಜೆ ದೂರದಲ್ಲಿದ್ದರು.

"ಒಂದು ಗಂಟೆಗೆ ಕಿಟಕಿ ಮುಚ್ತೀವಿ. ಅಷ್ಟರೊಳಗೆ ಹಾಳೆ ಬಿಡಿಸಿ ಕೊಟ್ರೆ ಸರಿ. ಇಲ್ಲಾಂದ್ರೆ ಮುಂದಿನ ವರ್ಷ," ಎಂದರು ಗುಮಾಸ್ತೆ. ಆಗಲೇ ಹನ್ನೆರಡೂ ಮುಕ್ಕಾಲಾಗುತ್ತಾ ಬಂದಿತ್ತು. ನಾನು ರಟ್ಟನ್ನು ಹಿಡಿದು ಜಗ್ಗಿದೆ. ಒಳಗೆಲ್ಲೋ ಹಾಳೆ ಪರ್ರೆಂದಿತು.

"ಎಳೀಬೇಡಿ, ಹರಿದುಹೋಗುತ್ತೆ," ಎಂಬ ದನಿ ಪಕ್ಕದಲ್ಲೇ ಕೇಳಿತು. "ತಪ್ಪು ನಂದೇ. ಕೊಡಿ ಇಲ್ಲಿ, ಬಿಚ್ಚಿಕೊಡ್ತೀನಿ."

ಅಪ್ಪ. ಯಾರೋ ಗಿರಾಕಿಯೊಡನೆ ಮಾತಾಡುವಂತೆ ನನ್ನೊಡನೆ ಮಾತಾಡುತ್ತಿದ್ದರು.

"ಓಹೋ, ಅಂಗಡಿಯವರೇ ಜೊತೇಲಿ ಬಂದಿದಾರೆ," ಎಂದಳು ಎತ್ತರದ ಹುಡುಗಿ. "ಒಳ್ಳೇ ಅಂಗಡಿ ಕಣ್ರೇ."

"ಹೂಂ ಕಣಮ್ಮಾ," ಎಂದರು ಅಪ್ಪ. "ಕೆಲಸ ಕೆಟ್ರೆ ನಾವೇ ಬಂದು ಸರಿಮಾಡ್ಕೊಡ್ತೀವಿ."

ಎಲ್ಲರೂ ನಕ್ಕರು. ಈ ಸಲದ ನಗು ಸ್ವಲ್ಪ ಮೃದುವಾಗಿತ್ತು. ಅಪ್ಪ ನೆಲದ ಮೇಲೆ ಕೂತು ಜೇಬಿನಿಂದ ಬ್ಲೇಡು ತೆಗೆದು ಹೊಲಿಗೆಯನ್ನು ಒಂದೊಂದೇ ಕತ್ತರಿಸಿದರು. ಫಾರಮ್ಮಿಗೆ ಅಂಟು ತಾಗದಿರಲೆಂದು ಮೇಲೂ ಕೆಳಗೂ ಖಾಲಿ ಹಾಳೆ ಸೇರಿಸಿದ್ದರು, ಹಾಗಾಗಿ ರಟ್ಟು ಕಳಚಿದಾಗ ಅಕ್ಷರವೊಂದೂ ಕೆಡಲಿಲ್ಲ. ಜಗ್ಗಿದಾಗ ಹರಿದದ್ದು ಆ ಖಾಲಿ ಹಾಳೆ ಮಾತ್ರ. ಅಂಚಿನಲ್ಲಿ ಸೂಜಿಯ ತೂತುಗಳು ಉಳಿದವು, ಅಷ್ಟೇ. ಹಾಳೆಗಳನ್ನು ಜೋಡಿಸಿ, ತಟ್ಟಿ, ಎರಡೂ ಕೈಯಲ್ಲಿ ನನಗೆ ಕೊಟ್ಟರು. ಕಿಟಕಿ ಮುಚ್ಚಲು ನಾಲ್ಕು ನಿಮಿಷವಿತ್ತು.

ಗುಮಾಸ್ತೆ ಪ್ರತಿಯೊಬ್ಬರ ಫಾರಮ್ಮನ್ನೂ ಗಟ್ಟಿಯಾಗಿ ಓದಿ ಸರಿಯೇ ಎಂದು ಕೇಳುತ್ತಿದ್ದರು. ನನ್ನ ಹೆಸರು ಓದಿದರು, ಹುಟ್ಟಿದ ದಿನ ಓದಿದರು, ತಂದೆಯ ಹೆಸರು ಓದಿದರು. ಮುಂದಿನ ಸಾಲಿನಲ್ಲಿ ನನ್ನದೇ ದುಂಡು ಅಕ್ಷರದಲ್ಲಿ, "ತಂದೆಯ ಉದ್ಯೋಗ: ಪುಸ್ತಕ ಬೈಂಡಿಂಗ್" ಎಂದಿತ್ತು. ಬೆರಳು ಅಲ್ಲಿ ನಿಂತಿತು. ಅವರು ಕನ್ನಡಕದ ಮೇಲಿನಿಂದ, ನೆಲದ ಮೇಲಿನ ದಾರದ ಚೂರುಗಳನ್ನು ಹೆಕ್ಕುತ್ತಿದ್ದ ಅಪ್ಪನನ್ನು ನೋಡಿದರು. ನನ್ನನ್ನು ನೋಡಿದರು. ನನ್ನ ಹಿಂದಿದ್ದ ಸಾಲನ್ನೂ ನೋಡಿದರು. ಆಮೇಲೆ ಉದ್ಯೋಗದ ಆ ಸಾಲನ್ನು ಓದದೆ, "ಮನೆ ವಿಳಾಸ," ಎಂದು ಮುಂದಕ್ಕೆ ಹೋದರು.

ಮುದ್ರೆ ಒತ್ತಿ ರಸೀದಿ ಕೊಟ್ಟ ಮೇಲೆ ಅಪ್ಪನ ಕಡೆ ಬಗ್ಗಿ, "ಇಷ್ಟು ಜೋಪಾನವಾಗಿ ಬಿಚ್ಚೋರನ್ನ ನಾನು ನೋಡಿಲ್ಲ. ಕೆಲಸ ಬಲ್ಲೋರು ನೀವು," ಎಂದರು. ನಾನು ಆಡಬೇಕಿದ್ದ ಮಾತು ಅದು.

ಸೀಟು ಸಿಕ್ಕಿತು. ಓದಿದೆ, ಮೂವತ್ತೊಂದು ವರ್ಷ ಪಾಠ ಹೇಳಿದೆ. ಅಪ್ಪ ಬದುಕಿದ್ದ ಅಷ್ಟೂ ಕಾಲ ಆ ದಿನದ ಮಾತನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಅಮ್ಮನಿಗೆ ಗೊತ್ತಾಗಲೇ ಇಲ್ಲ. ನನ್ನ ಮಕ್ಕಳಿಗೂ ನಾನು ಹೇಳಿಲ್ಲ.

ಅಂದು ಕಚೇರಿಯ ಹೊರಗೆ, ಮರದ ಕೆಳಗೆ ಒಂದು ಉದ್ದನೆಯ ಬೆಂಚಿತ್ತು. ಅಪ್ಪ ಮೊದಲು ಹೋಗಿ ಅದರ ಒಂದು ತುದಿಯಲ್ಲಿ ಕೂತರು. ನಾನು ಅವರ ಪಕ್ಕಕ್ಕೆ ಹೋಗಿ ಕೂರಬಹುದಿತ್ತು. ಎತ್ತರದ ಹುಡುಗಿ ಮತ್ತು ಅವಳ ಗೆಳತಿಯರು ಇನ್ನೂ ಮೆಟ್ಟಿಲ ಮೇಲೆಯೇ ಇದ್ದರು. ನಾನು ಇನ್ನೊಂದು ತುದಿಯಲ್ಲಿ ಕೂತೆ.

ಅಪ್ಪ ಕೈಚೀಲದಿಂದ ಊಟದ ಡಬ್ಬಿ ತೆಗೆದು ಮುಚ್ಚಳ ಸಡಿಲಿಸಿದರು. ನನ್ನ ಕಡೆ ತಿರುಗದೆ, ಗೇಟಿನತ್ತ ನೋಡುತ್ತಲೇ, ಬೆಂಚಿನ ಮೇಲೆ ಅದನ್ನು ಮೆಲ್ಲಗೆ ನನ್ನತ್ತ ಸರಿಸಿದರು.