ಆರನೆಯ ಗಾಡಿ

"ಒಳಗೆ ಬಾ ಅನ್ನೋ ಉಪಚಾರ ಎಲ್ಲ ಬೇಡ. ಕಪ್ ಎಲ್ಲಿಟ್ಟಿದೀಯ, ಅದನ್ನ ಹೇಳು."

ಹತ್ತೊಂಬತ್ತು ವರ್ಷಗಳಲ್ಲಿ ನೆಟ್ಟಾ ಅರ್ಚಿಯೊಡನೆ ಆಡಿದ ಮೊದಲ ಮಾತು ಇದು. ಊರಿನ ಗ್ರಂಥಾಲಯದವರು ಡ್ರಮ್‌ಕೇರ್ನ್ ಥಿಸಲ್ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ ಬರೆಸುತ್ತಿದ್ದರು. ಗಣಿ ಮುಚ್ಚಿತು, ಅದರ ಹಿಂದೆಯೇ ಕ್ಲಬ್ಬೂ ಮುಚ್ಚಿತು, ಮೈದಾನ ಮನೆ ಕಟ್ಟುವವರ ಪಾಲಾಯಿತು. ಇಷ್ಟು ಎಲ್ಲರಿಗೂ ಗೊತ್ತು. ಕ್ಲಬ್ಬು ಗೆದ್ದಿದ್ದ ಕಪ್ ಏನಾಯಿತೆಂದು ಮಾತ್ರ ಯಾರೂ ಬಾಯಿ ಬಿಡುತ್ತಿರಲಿಲ್ಲ. ಅದರ ಮೇಲೆ ನೆಟ್ಟಾಳ ಗಂಡ, ಗೋಲ್‌ಕೀಪರ್ ಡೂಗಲ್‌ನ ಹೆಸರಿತ್ತು. ಅವಳಿಗೆ ಉಳಿದಿದ್ದುದು ಆ ಹೆಸರೊಂದೇ. ಅವನ ಆಸೆಯಂತೆ ಚಿತಾಭಸ್ಮವನ್ನೂ ಗೋಲ್‌ಕಂಬಗಳ ನಡುವೆಯೇ ಚೆಲ್ಲಿದ್ದರು. ಈಗ ಅಲ್ಲಿ ಯಾರದೋ ಕಾರು ನಿಲ್ಲುತ್ತದೆ.

ಹತ್ತೊಂಬತ್ತು ವರ್ಷಗಳ ಕೆಳಗೆ, ಮೈದಾನಕ್ಕೆ ಬುಲ್ಡೋಜರ್ ಬರುವ ಹಿಂದಿನ ದಿನ, ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದ ಅರ್ಚಿ ಮೈದಾನದಿಂದ ತಳ್ಳುಗಾಡಿ ತಳ್ಳಿಕೊಂಡು ಹೊರಬಂದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಗಾಡಿಯ ಮೇಲೆ ತಾಡಪಾಲು ಹೊದಿಸಿತ್ತು. ಕದಿಯದವನಿಗೆ ಮುಚ್ಚಿಡುವಂಥದ್ದೇನಿರುತ್ತದೆ?

"ಕಪ್ ಲೀಗಿಂದು ಮಾರಾಯ್ತಿ. ಅವರೇ ಬಂದು ತಗೊಂಡು ಹೋದ್ರು. ಕಾಗದ ಇದೆ, ತೋರಿಸ್ಲಾ?"

"ಕಾಗದ ನೀನೇ ಬರ್ಕೊಂಡಿರ್ತೀಯ. ಹಾಗಾದ್ರೆ ಗಾಡೀಲಿ ಏನಿತ್ತು?"

ಅರ್ಚಿಯ ಮುಖ ಕೆಂಪಾಯಿತು. ಸಿಕ್ಕಿಬಿದ್ದ, ಎಂದುಕೊಂಡಳು ನೆಟ್ಟಾ. ಅವನು ಹಿತ್ತಲಿಗೆ ನಡೆದ. ಎಲ್ಲಿ ಬಚ್ಚಿಟ್ಟುಬಿಡುತ್ತಾನೋ ಎಂದು ಅವಳೂ ಬೆನ್ನಿಗೇ ಹೋದಳು.

ಪ್ರತಿ ವರ್ಷ ತರಕಾರಿ ಪ್ರದರ್ಶನದಲ್ಲಿ ಬಹುಮಾನ ಹೊಡೆಯುವವನ ಹಿತ್ತಲು ಅದು. ಕೋಸು, ಆಲೂಗಡ್ಡೆ ಒತ್ತೊತ್ತಾಗಿ ಬೆಳೆದಿದ್ದವು. ಆದರೆ ಒಳ್ಳೆಯ ಬಿಸಿಲು ಬೀಳುವ ಜಾಗದಲ್ಲಿ ಏನೂ ನೆಟ್ಟಿರಲಿಲ್ಲ, ಬರೀ ಹುಲ್ಲು.

"ಇದರಡೀಲಿ ಹೂತಿದೀಯಾ?" ಎಂದು ನುಗ್ಗಿದವಳು ಅಲ್ಲೇ ನಿಂತಳು. ಒಪ್ಪವಾಗಿ ಕತ್ತರಿಸಿದ ಹುಲ್ಲಿನ ಅಂಚಿಗೆ ಒಂದು ಬಿಳಿ ಗೆರೆ ಎಳೆದಿತ್ತು.

"ಗೋಲ್‌ಕಂಬಗಳ ನಡುವೆ ಡೂಗಲ್ ನಿಲ್ತಿದ್ದ ಜಾಗ," ಎಂದ ಅರ್ಚಿ. "ಮಣ್ಣು ಸಮೇತ ಎತ್ಕೊಂಡು ಬಂದೆ. ಆರು ಗಾಡಿ ಆಯ್ತು. ನೀನು ನೋಡಿದ್ದು ಕೊನೇದು."

"ಹೇಳ್ಬಾರ್ದಿತ್ತಾ ನಂಗೆ?"

"ಮೂರು ಸಲ ಬಂದಿದ್ದೆ. ನೀನು ಬಾಗಿಲು ತೆಗೆದ್ರೆ ತಾನೇ?"

ಹೌದು, ಬಂದಿದ್ದ. ಪರದೆಯ ಸಂದಿಯಿಂದ ಅವನ ಬೆನ್ನನ್ನೇ ನೋಡುತ್ತ ನಿಂತದ್ದು ನೆನಪಾಗಿ ಅವಳಿಗೆ ನಾಚಿಕೆಯಾಯಿತು. ಬಗ್ಗಿ ಗೆರೆಯ ಉದ್ದಕ್ಕೂ ಕಣ್ಣು ಹಾಯಿಸಿದಳು.

"ಗೆರೆ ಸೊಟ್ಟಗಿದೆ," ಎಂದಳು. "ಸೊಟ್ಟ ಗೆರೆ ಕಂಡ್ರೆ ಅವನಿಗೆ ಆಗ್ತಿರ್ಲಿಲ್ಲ."

ಅರ್ಚಿ ಬಣ್ಣದ ಡಬ್ಬಿ, ಕುಂಚ ತಂದುಕೊಟ್ಟ. ನೆಟ್ಟಾ ಹುಲ್ಲನ್ನು ತುಳಿಯದೆ ಗೆರೆಯ ಈಚೆ ಮಂಡಿಯೂರಿ ಕುಳಿತಳು.