ದಕ್ಕೆಯ ಕಲ್ಲು

ಬೆಳ್ತಂಗಡಿಯಿಂದ ಭಾನುವಾರ ಬೆಳಿಗ್ಗೆ ಏಳಕ್ಕೆ ಹೊರಡುವ ‘ಮಂಗಳೂರು ದರ್ಶನ’ದ ವ್ಯಾನಿಗೆ ವಾಮದಪದವಿನ ಚಿದಾನಂದ ಗೈಡು. ವ್ಯಾನು ಮೆಲ್ಕಾರಿನ ಅಬ್ದುಲ್ ಶುಕೂರರದ್ದು, ಓಡಿಸುವವರೂ ಅವರೇ. ಬಂಟ್ವಾಳದ ದಾರಿಯಾಗಿ ಮಂಗಳೂರಿಗೆ ಹೋಗಿ, ಕದ್ರಿ, ಮಂಗಳಾದೇವಿ, ಗೋಡೆಯ ತುಂಬ ಚಿತ್ರ ಬರೆದ ಇಗರ್ಜಿ, ಸುಲ್ತಾನ್ ಬತ್ತೇರಿ, ಕಡಲು ಎಲ್ಲ ತೋರಿಸಿ, ಸಂಜೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿಸಿಕೊಂಡು ವೇಣೂರಿನ ಮೇಲೆ ಹಿಂತಿರುಗುವುದು. ಗುಡ್ಡೆಯ ಕಡೆಯ ಜನ ಕಣ್ಣಿಗೆ ಕಂಡದ್ದನ್ನು ಮರುದಿನವೇ ಮರೆಯುತ್ತಾರೆ, ಕಿವಿಗೆ ಬಿದ್ದದ್ದನ್ನು ಮನೆಗೆ ಹೊತ್ತುಕೊಂಡು ಹೋಗುತ್ತಾರೆ. ಇದು ಚಿದಾನಂದನಿಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಸಲ ಮಾತಿನಲ್ಲಿ ಎಚ್ಚರ ತಪ್ಪಿದ.

ಎರಡು ವರ್ಷದ ಹಿಂದೆ ಬಂಟ್ವಾಳ ಪೇಟೆಯಲ್ಲಿ ವ್ಯಾನಿನ ಟಯರು ಪಂಕ್ಚರಾಯಿತು. ಶುಕೂರರು ಜಾಕು ಹಿಡಿದು ಕೂತರು. ಜನರ ಮುಖ ಹುಳಿಯಾಯಿತು. ಹೊತ್ತು ಕಳೆಯಲಿ ಎಂದು ಚಿದಾನಂದ ಅವರನ್ನು ನೇತ್ರಾವತಿಯ ದಂಡೆಗೆ ಇಳಿಸಿದ. ಅಲ್ಲಿ ದೋಣಿಗಳು ನಿಲ್ಲುತ್ತಿದ್ದ ಹಳೆಯ ದಕ್ಕೆಯ ಮೆಟ್ಟಿಲ ಬದಿಗೆ ಸೊಂಟದೆತ್ತರದ ಒಂದು ಕಲ್ಲು. “ಮಂಗಳೂರಿನ ಬಂದರಿಗೆ ಹೋಗುವ ದೋಣಿಗಳನ್ನು ಇದಕ್ಕೇ ಕಟ್ಟುತ್ತಿದ್ದದ್ದು” ಎಂದ. ಯಾರೂ ತಲೆ ಎತ್ತಲಿಲ್ಲ. ಆಗ ಅವನ ನಾಲಗೆಗೆ ಒಬ್ಬ ತಾಯಿ ಬಂದಳು. ಅವಳ ಒಬ್ಬಳೇ ಮಗಳು ದೋಣಿಯಲ್ಲಿ ಹೋದವಳು ತಿರುಗಿ ಬರಲಿಲ್ಲ. ತಾಯಿ ಏಳು ಭಾನುವಾರ ಸೀರೆಯ ಸೆರಗಿನ ನೂಲು ತೆಗೆದು ಈ ಕಲ್ಲಿಗೆ ಕಟ್ಟಿದಳು. ಏಳನೆಯ ನೂಲಿನ ಗಂಟು ಬಿಗಿಯುವಾಗ ದೋಣಿ ದಡ ಮುಟ್ಟಿತು.

ಹೇಳಿ ಮುಗಿಸುವಾಗ ಜನರೆಲ್ಲ ಕಲ್ಲಿನ ಸುತ್ತ ನೆರೆದಿದ್ದರು. ಒಬ್ಬಳು ಮುದುಕಿ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಚಿದಾನಂದನಿಗೆ ಒಳಗೊಳಗೇ ಖುಷಿಯಾಯಿತು.

ಮುಂದಿನ ವಾರದವರು ತಾವಾಗಿಯೇ ಕಲ್ಲನ್ನು ಕೇಳಿಕೊಂಡು ಬಂದರು. ಮೂರು ತಿಂಗಳಲ್ಲಿ ಅದಕ್ಕೆ ನೂಲು ಬಂತು, ಆಮೇಲೆ ಅರಿಶಿನ, ಆಮೇಲೆ ಮಳೆ ಬೀಳದ ಹಾಗೆ ಯಾರೋ ಹಾಕಿದ ಒಂದು ತಗಡು. ಕೈ ಮುಗಿಯುವುದರಿಂದ ಯಾರಿಗೆ ಏನು ಕೇಡು ಎಂದುಕೊಂಡು ಅವನು ಸುಮ್ಮನಿದ್ದ.

ಕೇಡು ಸೇಸಮ್ಮನ ಕೈ ಹಿಡಿದುಕೊಂಡು ಬಂತು. ಬೆಳ್ತಂಗಡಿಯಿಂದ ಮೇಲೆ, ಘಟ್ಟದ ಬುಡದವಳು ಸೇಸಮ್ಮ. ಜೊತೆಗೆ ಸೊಸೆ ಹರಿಣಾಕ್ಷಿ, ಆರು ವರ್ಷದ ಮೊಮ್ಮಗಳು ಮೋಕ್ಷಿತಾ. ಮಗುವಿನ ಹೃದಯದಲ್ಲಿ ತೂತು. ಹತ್ತು ಹೆಜ್ಜೆ ನಡೆದರೆ ಕುಕ್ಕರಗಾಲಿನಲ್ಲಿ ಕೂತುಬಿಡುತ್ತದೆ. ತುಟಿ ಯಾವಾಗಲೂ ನೇರಳೆಹಣ್ಣು ತಿಂದ ಹಾಗೆ.

ಏಳು ನೂಲಿನ ಹರಕೆ ಹೊತ್ತ ಅವರಿಗೆ ಆ ದಿನ ನಾಲ್ಕನೆಯ ಭಾನುವಾರ. ಸೇಸಮ್ಮ ಹತ್ತುವಾಗಲೇ ಶುಕೂರರನ್ನು ಕೆಣಕಿದಳು.

“ಸಾಹೇಬ್ರೆ, ಕಳೆದ ವಾರ ನಿಮ್ಮ ವ್ಯಾನನ್ನು ಒಂದು ಕೋಣ ಹಿಂದೆ ಹಾಕಿತು, ನೋಡಿದ್ರಾ?”

“ಆ ಕೋಣಕ್ಕೆ ಕಂಬಳ ಉಂಟು ಸೇಸಮ್ಮಾ, ನನಗೆ ಎಂತ ಅರ್ಜೆಂಟು?”

ಇಡೀ ವ್ಯಾನು ನಕ್ಕಿತು. ಹರಿಣಾಕ್ಷಿ ನಗಲಿಲ್ಲ. ಬಂಟ್ವಾಳದಲ್ಲಿ ಅತ್ತೆ ಮಗುವನ್ನು ಸೊಂಟಕ್ಕೇರಿಸಿ ಮೆಟ್ಟಿಲಿಳಿದು ನಾಲ್ಕನೆಯ ನೂಲು ಕಟ್ಟುವಾಗಲೂ ಅವಳು ಮೇಲೆಯೇ ನಿಂತಿದ್ದಳು.

ಸುಲ್ತಾನ್ ಬತ್ತೇರಿಯಲ್ಲಿ ಉಳಿದವರೆಲ್ಲ ಬುರುಜು ಹತ್ತಿದಾಗ ಅವಳು ಚಿದಾನಂದನ ಹತ್ತಿರ ಬಂದಳು.

“ಅಣ್ಣಾ, ಒಂದು ಉಪಕಾರ ಆಗಬೇಕು. ಗುರುವಾರ ಮಗುವನ್ನು ಆಸ್ಪತ್ರೆಗೆ ಸೇರಿಸಬೇಕು. ಆಪರೇಶನ್‌ಗೆ ದಿನ ಕೊಟ್ಟಿದ್ದಾರೆ.”

“ಒಳ್ಳೆಯದಲ್ಲವಾ?”

“ಅತ್ತೆ ಬಿಡುವುದಿಲ್ಲ. ಏಳು ವಾರ ಮುಗಿಯುವವರೆಗೆ ಮಗುವಿನ ಮೈಗೆ ಕತ್ತಿ ತಾಗಿಸಬಾರದು ಅಂತ. ಹೊಳೆಯ ನೀರು ಮುಟ್ಟಿ ಹರಕೆ ಹೇಳಿಕೊಂಡಿದ್ದಾರೆ. ನಮ್ಮ ಮನೆಯವರೋ ಅಮ್ಮನ ಮಾತು ದಾಟುವವರಲ್ಲ. ಈ ತಿಂಗಳು ದಾಟಿಸಬೇಡಿ ಅಂತ ಡಾಕ್ಟರು ಸ್ಪಷ್ಟ ಹೇಳಿದ್ದಾರೆ. ಇದು ತಪ್ಪಿದರೆ ಇನ್ನೊಂದು ದಿನ ಯಾವಾಗ ಸಿಗ್ತದೋ ಗೊತ್ತಿಲ್ಲ.” ಅವಳು ಸೆರಗನ್ನು ಬೆರಳಿಗೆ ಸುತ್ತುತ್ತಿದ್ದಳು. “ನೀವು ಹೇಳಿದರೆ ಕೇಳ್ತಾರೆ. ದಿನಾ ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಕತೆಯೇ.”

ಚಿದಾನಂದ ‘ಹೇಳ್ತೇನೆ’ ಎಂದ. ಆ ಮೇಲೆ ಕಡಲ ದಂಡೆಯಲ್ಲಿ ಏನು ತೋರಿಸಿದನೋ, ಏನು ವಿವರಿಸಿದನೋ ಅವನಿಗೇ ನೆನಪಿಲ್ಲ. ಸತ್ಯ ಹೇಳಿಬಿಡುತ್ತೇನೆ, ಸತ್ಯ ಹೇಳಿದರೆ ಎಲ್ಲ ಸರಿಯಾಗುತ್ತದೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ.

ಮೂಡುಬಿದಿರೆ ತಲುಪುವಾಗ ಬಿಸಿಲು ಬಾಗಿತ್ತು. ಜನ ಚಪ್ಪಲಿ ಕಳಚಿ ಬಸದಿಯೊಳಗೆ ಹೋಗಿ ಕಂಬಗಳನ್ನು ಎಣಿಸತೊಡಗಿದರು. ಸೇಸಮ್ಮ ಅಂಗಳದ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು. ಮೋಕ್ಷಿತಾ ಅವಳ ತೊಡೆಯಲ್ಲಿ ನಿದ್ದೆ. ಹರಿಣಾಕ್ಷಿ ಸ್ವಲ್ಪ ಆಚೆ. ಚಿದಾನಂದ ಕೆಳಗಿನ ಮೆಟ್ಟಿಲಿನ ಮೇಲೆ ಕೂತ.

“ಅಮ್ಮಾ, ಆ ಕಲ್ಲಿನ ಕತೆ ನಿಜ ಅಲ್ಲ.”

“ಯಾವ ಕಲ್ಲು?”

“ದಕ್ಕೆಯದ್ದು. ಅಂಥ ತಾಯಿ ಇರಲಿಲ್ಲ, ದೋಣಿ ಬರಲಿಲ್ಲ. ಟಯರು ಪಂಕ್ಚರಾದ ದಿನ ಜನ ಸಿಟ್ಟಾಗಿದ್ದರು ಅಂತ ನಾನೇ ಕಟ್ಟಿದ್ದು. ಅದು ಹಗ್ಗ ಕಟ್ಟುವ ಕಲ್ಲು, ಅಷ್ಟೇ. ಮಂಜುನಾಥನಾಣೆ.”

ಸೇಸಮ್ಮ ಎಲೆಯನ್ನು ಮಡಿಸಿ ಕೆನ್ನೆಗೆ ಇಟ್ಟಳು. ಸಿಟ್ಟು ಬರುತ್ತದೆ, ಬೈಯುತ್ತಾಳೆ ಎಂದು ಅವನು ಕಾದ. ಅವಳು ಅವನನ್ನು ಕನಿಕರದಿಂದ ನೋಡಿದಳು.

“ನೀನು ಕಟ್ಟಿದ್ದಾ? ನಿನ್ನ ಬಾಯಿಗೆ ಅದನ್ನು ತಂದವರು ಯಾರು ಮಾರಾಯ?”

“ಯಾರೂ ಇಲ್ಲಮ್ಮ. ನಾನೇ.”

“ಊರಿಡೀ ಬಿಟ್ಟು ಆ ಕಲ್ಲಿನ ಎದುರಿಗೇ ಟಯರು ಹೋದದ್ದು ಯಾಕೆ? ದೋಣಿಯಲ್ಲಿ ಹೋದದ್ದು ಗಂಡುಮಗ ಅಂತ ಹೇಳಬಹುದಿತ್ತು. ಹೆಣ್ಣುಮಗು ಅಂತಲೇ ಯಾಕೆ ಹೇಳಿದಿ? ಹೇಳು ನೋಡುವ.”

ಅವಳು ತೊಡೆಯ ಮೇಲಿನ ಮಗುವಿನ ಕೂದಲು ಸರಿಸಿದಳು.

“ಹೋದ ವಾರದಿಂದ ಇವಳು ಎರಡು ಹೊತ್ತು ಗಂಜಿ ಉಣ್ತಾಳೆ. ತುಟಿ ನೋಡು, ಕೆಂಪು ಬಂದಿದೆ.”

ಚಿದಾನಂದ ನೋಡಿದ. ತುಟಿ ನೀಲಿಯಾಗಿಯೇ ಇತ್ತು. ನಿದ್ದೆಯಲ್ಲೂ ಮಗುವಿನ ಎದೆ ಗುಬ್ಬಿಯ ಹಾಗೆ ಹೊಡೆದುಕೊಳ್ಳುತ್ತಿತ್ತು.

ಆಗ ಅವನಿಗೆ ಇನ್ನೊಂದು ದಾರಿ ಕಂಡಿತು. ಎಷ್ಟು ಸುಲಭದ ದಾರಿ! ಹರಕೆ ಹೊತ್ತವರು ಕಷ್ಟಕಾಲದಲ್ಲಿ ಮುಡಿಪು ಕಟ್ಟಿಡುವುದು ಊರಲ್ಲಿ ಇದ್ದದ್ದೇ. ಬಟ್ಟೆಯ ಗಂಟೊಂದನ್ನು ದೇವರ ಹೆಸರಿನಲ್ಲಿ ತೆಗೆದಿಟ್ಟು, ಉಳಿದದ್ದನ್ನು ಅನುಕೂಲವಾದ ಮೇಲೆ ತೀರಿಸುವುದು.

“ಅಮ್ಮಾ, ಒಂದು ಮಾತು ನಾನು ಬಿಟ್ಟುಬಿಟ್ಟಿದ್ದೆ,” ಎಂದ ಅವಸರದಿಂದ. “ಆ ತಾಯಿಗೂ ನಾಲ್ಕನೇ ವಾರದ ಮೇಲೆ ಹೋಗಲಿಕ್ಕೆ ಆಗಲಿಲ್ಲ. ಹೊಳೆ ಏರಿತ್ತು. ಮನೆಯಲ್ಲೇ ಮುಡಿಪು ಕಟ್ಟಿಟ್ಟಳು. ಮಗಳು ಬಂದ ಮೇಲೆ ಉಳಿದ ಮೂರು ನೂಲು ಕಟ್ಟಿದಳು. ನೀವೂ ಹಾಗೆ ಮಾಡಬಹುದು. ಗುರುವಾರ ಆಪರೇಶನ್ ಆಗಲಿ, ಮೂರು ವಾರ ಆಮೇಲೆ ತೀರಿಸುವ.”

ಸೇಸಮ್ಮ ಜಗಿಯುವುದನ್ನು ನಿಲ್ಲಿಸಿದಳು. ಒಂದು ಕ್ಷಣ ಅವಳ ಮುಖ ತೆರೆದುಕೊಂಡಿತು. “ಹಾಗೆ ಉಂಟಾ ಕತೆಯಲ್ಲಿ?” ಎಂದಳು, ತುಂಬ ಮೆಲ್ಲಗೆ.

“ಉಂಟು.”

ಅವಳು ಅವನನ್ನೇ ನೋಡುತ್ತ ಕೂತಳು. ನೋಡುತ್ತ ನೋಡುತ್ತ ತೆರೆದ ಮುಖ ಮತ್ತೆ ಮುಚ್ಚಿಕೊಂಡಿತು.

“ಈಗಷ್ಟೇ ಅಂಥ ತಾಯಿಯೇ ಇರಲಿಲ್ಲ ಅಂದಿ. ಇಲ್ಲದವಳು ಮುಡಿಪು ಕಟ್ಟಿದ್ದು ಎಲ್ಲಿ ಮಗಾ?” ಅವಳ ದನಿಯಲ್ಲಿ ಜಗಳ ಇರಲಿಲ್ಲ. “ಹರಿಣಾಕ್ಷಿ ಹೇಳಿಸಿದ್ದು ನಿನ್ನ ಹತ್ತಿರ, ನನಗೆ ಗೊತ್ತುಂಟು. ಹೆತ್ತವಳಿಗೆ ಹೆದರಿಕೆ. ನಿನ್ನದು ತಪ್ಪಿಲ್ಲ. ಆದರೆ ದೇವರ ವಿಷಯದಲ್ಲಿ ಒಂದೇ ಕೂತಲ್ಲಿ ಎರಡು ಬಗೆ ಮಾತಾಡಬೇಡ.”

ಮಗು ಎಚ್ಚರವಾಗಿ ನೀರು ಕೇಳಿತು. ಸೇಸಮ್ಮ ಅದನ್ನು ಎತ್ತಿಕೊಂಡು ನಳ್ಳಿಯ ಕಡೆ ಹೋದಳು.

ಹರಿಣಾಕ್ಷಿ ಎಲ್ಲ ಕೇಳಿಸಿಕೊಂಡಿದ್ದಳು. ಹತ್ತಿರ ಬಂದು ನಿಂತಳು.

“ಅಣ್ಣಾ, ಆ ಮುಡಿಪಿನ ಮಾತನ್ನೇ ಮೊದಲು ಹೇಳಬಾರದಿತ್ತಾ?”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಕೇಳಿದ್ದು ಮಕ್ಕಳು ಕೇಳಿದ ಹಾಗೆ, ನಿಜವಾಗಿಯೂ ತಿಳಿಯಲಿಕ್ಕೆ. ಬಸದಿಯೊಳಗೆ ಚಂದ್ರನಾಥ ಸ್ವಾಮಿಯ ಮುಂದೆ ಆರತಿಯ ಗಂಟೆ ಮೊಳಗಿತು. ಯಾವತ್ತೂ ಆ ಹೊತ್ತಿಗೆ ಎದ್ದು ನಿಂತು ಕೈ ಮುಗಿಯುವ ಚಿದಾನಂದ ಆ ದಿನ ಕೂತಲ್ಲೇ ಕೂತ. ಬೇಡಿಕೊಳ್ಳಲಿಕ್ಕೂ ಅರ್ಹತೆ ಬೇಕಲ್ಲ ಎನಿಸಿತು.

ವೇಣೂರು ದಾಟುವಾಗ ಹಿಂದಿನ ಸೀಟಿನ ಹೆಂಗಸೊಬ್ಬಳು ತನ್ನ ತಂಗಿಯ ಮಗುವಿಗೆ ಮಾತು ಬರುವುದಿಲ್ಲ, ಆ ಕಲ್ಲಿಗೆ ಏನೇನು ಕ್ರಮ ಉಂಟು ಎಂದು ಕೇಳಿದಳು. ಚಿದಾನಂದ ಕಿಟಕಿಯ ಹೊರಗೆ ನೋಡಿದ. ಉತ್ತರ ಕೊಟ್ಟವಳು ಸೇಸಮ್ಮ. ಆ ತಾಯಿಯ ಮನೆ ಎಲ್ಲಿತ್ತು, ಆ ಏಳು ವಾರ ಅವಳು ಏನು ಉಣ್ಣುತ್ತಿರಲಿಲ್ಲ, ಮಗಳು ದೋಣಿಯಿಂದಿಳಿದು ಮೊದಲು ಏನೆಂದಳು, ಎಲ್ಲವನ್ನೂ ಹೇಳಿದಳು. ಚಿದಾನಂದ ಕಟ್ಟದ ಮಾತುಗಳು ಅವು. ಅವನು ಹೇಳಿದ್ದಕ್ಕಿಂತ ಚೆನ್ನಾಗಿಯೂ ಇದ್ದವು.

ಬೆಳ್ತಂಗಡಿಯಲ್ಲಿ ಎಲ್ಲರೂ ಇಳಿದರು. ಸೇಸಮ್ಮ ಇಳಿದು ಬಾಗಿಲ ಹತ್ತಿರವೇ ನಿಂತಳು.

“ಮುಂದಿನ ಭಾನುವಾರಕ್ಕೆ ಮೂರು ಸೀಟು ಬರೆದುಕೋ.”

“ಇನ್ನು ಬಂಟ್ವಾಳದಲ್ಲಿ ವ್ಯಾನು ನಿಲ್ಲಿಸುವುದಿಲ್ಲಮ್ಮ,” ಎಂದ ಚಿದಾನಂದ. ಅವಳನ್ನು ತಡೆಯಲಿಕ್ಕೆ ಅವನಲ್ಲಿ ಉಳಿದದ್ದು ಅದೊಂದೇ ಆಗಿತ್ತು.

“ಬೇಡ. ಸರ್ವಿಸ್ ಬಸ್ಸಿನಲ್ಲಿ ಹೋಗ್ತೇವೆ. ನಿಂತುಕೊಂಡಾದರೂ ಸರಿ.”

ಭಾನುವಾರದ ಸರ್ವಿಸ್ ಬಸ್ಸು ಹೇಗಿರುತ್ತದೆ ಎಂದು ಅವನಿಗೆ ಗೊತ್ತು. ಅಷ್ಟು ಜನರ ಸೊಂಟದ ನಡುವೆ ಆ ಮಗು ಎಲ್ಲಿ ಕುಕ್ಕರಿಸುತ್ತದೆ? ಅವನು ಶುಕೂರರ ಕಡೆ ನೋಡಿದ. ಶುಕೂರರು ಸ್ಟಿಯರಿಂಗಿನ ಮೇಲೆ ಕೈಯಿಟ್ಟು ತಲೆ ತಗ್ಗಿಸಿದ್ದರು. ಹರಿಣಾಕ್ಷಿ ಯಾರನ್ನೂ ನೋಡುತ್ತಿರಲಿಲ್ಲ. ಅವಳ ಭುಜದ ಮೇಲೆ ಮಗು ಬಾಯಿ ತೆರೆದು ಉಸಿರೆಳೆಯುತ್ತಿತ್ತು.

ಚಿದಾನಂದ ಪುಸ್ತಕ ತೆರೆದು ಮೂರು ಹೆಸರು ಬರೆದ.

“ಮಗುವಿಗೆ ಮುಂದಿನ ಸೀಟು ಹಾಕು, ಕಿಟಕಿಯ ಹತ್ತಿರ,” ಎಂದಳು ಸೇಸಮ್ಮ. “ಗಾಳಿ ಸಿಕ್ಕಿದರೆ ಅವಳಿಗೆ ಆರಾಮ.”

“ಹಾಕ್ತೇನಮ್ಮ,” ಎಂದ.