ತುಂಬದ ವಿಮಾನ

ಬಾಯಿ ಮುಚ್ಚದ ಪ್ಯಾಸೆಂಜರುಗಳನ್ನು ಕಂಡರೆ ಗಂಗಯ್ಯನಿಗೆ ಆಗುತ್ತಿರಲಿಲ್ಲ. ಅಂದು ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲು ಇಳಿದು, ಹಳೇಬೀಡು ಬೇಲೂರು ನೋಡಿ ಬರಲು ಅವನ ಟೆಂಪೋ ಗೊತ್ತು ಮಾಡಿದ ಇಬ್ಬರಲ್ಲಿ ಒಬ್ಬನ ಮಾತು ಜಾವಗಲ್ ದಾಟಿದರೂ ನಿಂತಿರಲಿಲ್ಲ. ಹೆಸರು ಇಂದುಧರ, ಮುಂಬಯಿಯಲ್ಲಿ ಯಾವುದೋ ವಿದೇಶಿ ವಿಮಾನ ಕಂಪನಿಯ ದೊಡ್ಡ ಅಧಿಕಾರಿಯಂತೆ. ಜೊತೆಯಲ್ಲಿದ್ದ ಸ್ನೇಹಿತ ಶರತ್ಚಂದ್ರ ಪಾಪ, ಹೂಂಗುಟ್ಟುವುದನ್ನು ಬಿಟ್ಟು ಬೇರೇನೂ ಮಾಡುವಂತಿರಲಿಲ್ಲ.

ಬರೀ ಮಾತಾಗಿದ್ದರೆ ಗಂಗಯ್ಯ ಸಹಿಸಿಕೊಳ್ಳುತ್ತಿದ್ದ. ಆದರೆ ಇಂದುಧರನ ಬ್ಯಾಗಿನ ಮೇಲಿದ್ದ ಕಂಪನಿಯ ಗುರುತು ಕನ್ನಡಿಯಲ್ಲಿ ಕಾಣುತ್ತಿತ್ತು. ಮೂರು ವರ್ಷದ ಹಿಂದೆ, ತೊಂಬತ್ತೆಂಟರಲ್ಲಿ, ಮಗಳು ಮೀನಾಕ್ಷಿಯ ಟಿಕೆಟ್ಟಿನ ಮೇಲಿದ್ದದ್ದೂ ಅದೇ ಗುರುತು.

ನರ್ಸಿಂಗ್ ಓದಿದ ಹುಡುಗಿಗೆ ಗಲ್ಫಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಭಾನುವಾರದೊಳಗೆ ಆ ದೇಶದಲ್ಲಿ ಕಾಲಿಡದಿದ್ದರೆ ವೀಸಾ ರದ್ದು. ಶನಿವಾರ ಮುಂಬಯಿಯಲ್ಲಿ ವಿಮಾನದ ಇಂಜಿನ್ ಕೆಟ್ಟಿದೆ ಎಂದರು, ಸೋಮವಾರ ಬನ್ನಿ ಎಂದರು. ವೀಸಾ ಹೋಯಿತು, ಕೆಲಸ ಇನ್ಯಾರದೋ ಪಾಲಾಯಿತು. ಮೀನಾಕ್ಷಿ ಈಗ ಅರಸೀಕೆರೆಯ ನರ್ಸಿಂಗ್ ಹೋಮೊಂದರಲ್ಲಿ ಡಾಕ್ಟರ ಬೈಗುಳ ತಿಂದುಕೊಂಡು ದುಡಿಯುತ್ತಿದ್ದಾಳೆ. ಆದರೂ ಜೀವ ಉಳಿಯಿತಲ್ಲ ಎಂಬುದೊಂದೇ ಮನೆಯವರಿಗೆ ಸಮಾಧಾನ. ಹೆಂಡತಿ ಮುತ್ತಮ್ಮ ವರ್ಷವರ್ಷವೂ ಆ ತಾರೀಖಿಗೆ ಬುದ್ಧನ ಪಟದ ಮುಂದೆ ದೀಪ ಹಚ್ಚಿ ಕೇರಿಗೆಲ್ಲ ಪಾಯಸ ಹಂಚುತ್ತಿದ್ದಳು.

"ಜಂಬೋ ವಿಮಾನ ಅಂದ್ರೆ ಬಿಳಿ ಆನೆ ಕಣೋ," ಎನ್ನುತ್ತಿದ್ದ ಇಂದುಧರ. "ನಾನೂರು ಸೀಟು, ನಾಲ್ಕು ಇಂಜಿನ್. ತುಂಬಿದ್ರೆ ಅದರಷ್ಟು ಲಾಭ ಬೇರೆ ಯಾವುದೂ ಕೊಡಲ್ಲ. ತುಂಬ್ಲಿಲ್ವೋ, ಕಂಪನಿನೇ ತಿಂದುಹಾಕತ್ತೆ. ಎಪ್ಪತ್ತು ಜನ ಕೂತ್ರೂ ಎಣ್ಣೆ ಸುಮಾರು ಅಷ್ಟೇ ಬೇಕು, ಪೈಲಟ್ ಸಂಬಳನೂ ಅಷ್ಟೇ, ಇಳಿಯೋ ಕಡೆ ಕಟ್ಟೋ ಬಾಡಿಗೆನೂ ಅಷ್ಟೇ."

"ಮತ್ತೆ ಏನ್ಮಾಡ್ತೀರಿ?" ಎಂದ ಶರತ್ಚಂದ್ರ.

"ಎರಡು ದಿನದ ಜನಾನ ಒಂದರಲ್ಲಿ ತುಂಬ್ತೀವಿ. ಇಂಜಿನ್ ತೊಂದ್ರೆ ಅಂತ ಹೇಳಿದ್ರೆ ಮುಗೀತು. ಜೀವಭಯ ನೋಡು, ಒಬ್ಬನೂ ತುಟಿ ಬಿಚ್ಚಲ್ಲ. ಇನ್ನೂ ಥ್ಯಾಂಕ್ಸ್ ಬೇರೆ ಹೇಳ್ತಾರೆ!"

ಇಬ್ಬರೂ ನಕ್ಕರು. ಗಂಗಯ್ಯ ಅಸಹ್ಯಪಟ್ಟು ಕಿಟಕಿಯಾಚೆ ಉಗುಳಿದ.

ಅಸಹ್ಯಕ್ಕೆ ಇನ್ನೊಂದು ಕಾರಣವೂ ಇತ್ತು. ಈ ಆಟ ಅವನಿಗೆ ಹೊಸದಲ್ಲ. ಹಾರನಹಳ್ಳಿ ಲೈನಿನಲ್ಲಿ ಐದಾರು ಜನರಷ್ಟೇ ಹತ್ತಿದ ದಿನ ಅವನೂ ಬಾನೆಟ್ ಎತ್ತಿ, ಕೈಗೆ ಗ್ರೀಸ್ ಬಳಿದುಕೊಂಡು, ಕ್ಲಚ್ ಪ್ಲೇಟ್ ಹೋಯಿತು ಎಂದು ಹಣೆ ಚಚ್ಚಿಕೊಂಡವನೇ. ಆ ಜನರನ್ನು ಕೆಂಚಪ್ಪನ ಟೆಂಪೋಗೆ ತುರುಕಿ, ತಾನು ನೆರಳಲ್ಲಿ ಬೀಡಿ ಹಚ್ಚುತ್ತಿದ್ದ. ಕೆಂಚಪ್ಪನದು ಬಾಗಿಲಿಗೆ ಹಗ್ಗ ಕಟ್ಟಿದ, ಬ್ರೇಕು ಯಾವಾಗ ಹಿಡಿಯುತ್ತದೋ ತಿಳಿಯದ ಗಾಡಿ. ಇಂಥ ಹಲ್ಕಾ ಕೆಲಸ ನಮ್ಮಂಥ ಟೆಂಪೋದವರಿಗೆ ಮಾತ್ರ ಗೊತ್ತು, ಆಕಾಶದಲ್ಲಿ ಹಾರುವ ದೊಡ್ಡ ಮನುಷ್ಯರು ಹೀಗೆ ಮಾಡುವುದಿಲ್ಲ ಎಂದು ನಂಬಿದ್ದನಲ್ಲ, ಆ ಪೆದ್ದುತನಕ್ಕೆ ಏನು ಹೇಳುವುದು?

ಹಳೇಬೀಡು, ಬೇಲೂರು ಎರಡನ್ನೂ ಮುಗಿಸಿ ಬರುವಾಗ ತಡೆಯಲಾಗದೆ ಕೇಳಿಬಿಟ್ಟ.

"ಸಾರ್, ತೊಂಬತ್ತೆಂಟ್ರಾಗೆ ನಿಮ್ಮ ಗಲ್ಫ್ ವಿಮಾನ ಒಂದು ಶನಿವಾರ ನಿಂತೋಯ್ತು. ಗಣಪತಿ ಹಬ್ಬ ಆದ್ ಮೇಲೆ. ನಿಜವಾಗ್ಲೂ ಇಂಜಿನ್ ಕೆಟ್ಟಿತ್ತಾ?"

"ಆ ವರ್ಷಾನಾ? ಆ ಸೀಸನ್‌ನಲ್ಲಿ ಒಂದು ಇಂಜಿನ್ನೂ ಕೆಟ್ಟಿರ್ಲಿಲ್ಲ ಬಿಡಪ್ಪ, ಜನ ಇರ್ಲಿಲ್ಲ ಅಷ್ಟೇ. ಯಾಕೆ?"

"ನನ್ನ ಮಗಳು ಅದ್ರಾಗೆ ಹೋಗ್ಬೇಕಿತ್ತು. ವೀಸಾ ಮುಗೀತಿತ್ತು."

ಇಂದುಧರನ ಮುಖದಲ್ಲಿ ನಾಚಿಕೆಯ ಗೆರೆಯೂ ಮೂಡಲಿಲ್ಲ. "ಅಯ್ಯೋ, ಕೌಂಟರಿನಲ್ಲಿ ಹೇಳಿದ್ರೆ ಬೇರೆ ಕಂಪನಿ ವಿಮಾನದಲ್ಲಿ ಕಳಿಸಿರೋರು. ವೀಸಾ ಮುಗಿಯೋರನ್ನ, ಗಲಾಟೆ ಮಾಡೋರನ್ನ ಅದೇ ದಿನ ಕಳಿಸಿಬಿಡ್ತೀವಿ. ಬಾಯಿ ಮುಚ್ಕೊಂಡಿರೋರು ಉಳ್ಕೋತಾರೆ."

ಗಂಗಯ್ಯ ಇಬ್ಬರನ್ನೂ ಸ್ಟೇಷನ್ನಿನಲ್ಲಿ ಇಳಿಸಿದ. ಇವನ ಬಾಡಿಗೆ ದುಡ್ಡು ಮುಟ್ಟುವುದಕ್ಕೂ ಹೇಸಿಗೆಯಾಯಿತು, ಆದರೂ ಮುಟ್ಟಿದ, ಎಣಿಸದೆ ಜೇಬಿಗೆ ಹಾಕಿದ. ಆ ಶನಿವಾರ ಮೀನಾಕ್ಷಿ ಟೆಂಪೋ ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಫೋನ್ ಮಾಡಿದ್ದು, ತಾನು ಓಡಿಹೋಗಿ ರಿಸೀವರ್ ಹಿಡಿದದ್ದು, ಇಂಜಿನ್ ಕೆಟ್ಟೈತೆ ಎಂದ ಅವಳು ಮುಂದೆ ಏನೋ ಹೇಳಲು ಬಾಯಿ ತೆಗೆದಾಗ ತಾನು ಅರಚಿದ್ದು ಎಲ್ಲ ದಾರಿಯುದ್ದಕ್ಕೂ ಕಿವಿಯಲ್ಲಿ ಮೊಳಗುತ್ತಿತ್ತು.

ಮನೆಗೆ ಬಂದಾಗ ಮೀನಾಕ್ಷಿ ಸಂಜೆ ಡ್ಯೂಟಿಗೆ ಜಡೆ ಹಾಕಿಕೊಳ್ಳುತ್ತಿದ್ದಳು. ಗಂಗಯ್ಯ ಹೊಸ್ತಿಲಲ್ಲೇ ನಿಂತು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ವಿಮಾನದವರಿಗೂ ಅವರ ಇಡೀ ವಂಶಕ್ಕೂ ಬಾಯಿಗೆ ಬಂದಂತೆ ಬೈದ. ಕೊನೆಗೆ ದನಿ ಇಳಿಸಿ ಕೇಳಿದ.

"ಅವತ್ತು ಕೌಂಟರ್ನಾಗೆ ನೀನು ಕೇಳ್ಲಿಲ್ವೇನವ್ವ?"

ಅವಳು ಜಡೆಗೆ ರಿಬ್ಬನ್ ಸುತ್ತಿ ಗಂಟು ಹಾಕಿದಳು.

"ಕೇಳಿದ್ದೆ ಅಪ್ಪ. ಜಗಳಾನೇ ಆಡಿದ್ದೆ. ಸಾಯಂಕಾಲದ ಇನ್ನೊಂದು ವಿಮಾನಕ್ಕೆ ಸೀಟು ಬರೆದುಕೊಟ್ರು. ಅದನ್ನ ಹೇಳಾಕೇ ನಿಂಗೆ ಫೋನ್ ಮಾಡಿದ್ದು."

"ಮತ್ತೆ?"

"ಕೆಟ್ಟ ಗಾಡಿ ಬದ್ಲು ಕೊಡೋ ಗಾಡಿ ಅದಕ್ಕಿಂತ ಡಕೋಟ ಆಗಿರ್ತೈತೆ, ನಂಗೊತ್ತು, ಹತ್ತಿದ್ರೆ ನನ್ನ ಹೆಣ ನೋಡ್ತೀಯ, ಸುಮ್ಕೆ ವಾಪಸ್ ಬಾ ಅಂದಲ್ಲ. ಬಂದೆ."

ಗಂಗಯ್ಯನಿಗೆ ಮೂರು ವರ್ಷ ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳುವ ಧೈರ್ಯವಾಗಲಿಲ್ಲ. ಹೊಸ್ತಿಲು ಬಿಟ್ಟು ಪಕ್ಕಕ್ಕೆ ಸರಿದ. ಮೀನಾಕ್ಷಿ ಚಪ್ಪಲಿ ಮೆಟ್ಟಿಕೊಂಡು, ಹೊತ್ತಾಯಿತು ಎಂದು ನರ್ಸಿಂಗ್ ಹೋಮಿನ ಕಡೆ ನಡೆದಳು.